ಕತ್ತರಿಸಿದ ಎರಡು ಸಾಲುಗಳ ಕಾವಲು

ಫ್ರೆಂಚರ ಆಳ್ವಿಕೆಯ ಕಾಲದಲ್ಲಿ ನಮ್ಮ ಟ್ಯುನೀಷಿಯಾದ ಸಣ್ಣ ಪತ್ರಿಕೆಗಳಲ್ಲಿ ಅಚ್ಚಾದ ದೇಶಪ್ರೇಮದ ಪದ್ಯಗಳನ್ನು ಹಾಡಿದವರು ಬಹಳ, ಓದಿದವರು ಕಡಿಮೆ. ಆ ಕಡಿಮೆ ಮಂದಿಯಲ್ಲಿ ಮೊದಲು ನೆನೆಯಬೇಕಾದ ಹೆಸರು, ಕೆಫ್ ಪಟ್ಟಣದ ಹೆಣ್ಣುಮಕ್ಕಳ ಪ್ರೌಢಶಾಲೆಯಿಂದ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಶಿಕ್ಷಕಿ, ಎಲ್ಲರ ಬಾಯಲ್ಲಿ ‘ಉಸ್ತಾದಾ’, ಮನ್ನೂಬಿಯಾ ಬಿನ್ ಸಲ್ಲಾಮಾ ಅವರದು.

ಯೌವನದಲ್ಲಿ ಶಾಲೆಗೆ ಬಂದ ಮೊದಲ ವರ್ಷವೇ ಅವರು ತಮ್ಮದೊಂದು ಕ್ರಮವನ್ನು ರೂಢಿಸಿದರು. ಪದ್ಯದ ಮುಖ್ಯ ಪದವನ್ನು ನಿಘಂಟಿನಲ್ಲಿ ಹುಡುಕುವ ಮೊದಲು ವಿದ್ಯಾರ್ಥಿನಿಯರು ಅದನ್ನು ಮನೆಯ ಹಿರಿಯರ ಬಾಯಿಂದ ಕೇಳಿ ಬರಬೇಕಿತ್ತು. ಒಮ್ಮೆ ತಾಯ್ನಾಡು ಎಂಬರ್ಥದ ‘ವತನ್’ ಪದವನ್ನು ಒಯ್ದ ಹುಡುಗಿಯೊಬ್ಬಳು ಮರುದಿನ ಎದ್ದು ನಿಂತು, “ನಮ್ಮಜ್ಜಿ ವತನ್ ಅಂದ್ರೆ ತನ್ನ ತವರು ಅಂದ್ಲು. ತಾತ ಕೇಳಿಸ್ಕೊಂಡು, ಐವತ್ತು ವರ್ಷ ನನ್ನ ಅನ್ನ ತಿಂದು ಇನ್ನೂ ತವರಾ ಅಂತ ಊಟ ಬಿಟ್ಟು ಎದ್ದುಹೋದ” ಎಂದಳು. ತರಗತಿಯೆಲ್ಲ ನಕ್ಕಿತು. ಮನ್ನೂಬಿಯಾ ಅವರು ಮಾತ್ರ ನಗದೆ ಅಜ್ಜಿಯ ಮಾತನ್ನು ಕರಿಹಲಗೆಯ ಮೇಲೆ ಬರೆದರು. ವತನ್ ಎಂದು ಬರೆದಾಗ ಆ ಕಾಲದ ಕವಿಯ ಕಣ್ಣ ಮುಂದೆ ಧ್ವಜವಿರಲಿಲ್ಲ, ಗಡಿಯಿರಲಿಲ್ಲ. ಕಣವಿತ್ತು, ಬಾವಿಯಿತ್ತು, ತನ್ನದಾಗಿಯೂ ತನಗೆ ದಕ್ಕದೆ ಹೋದ ಮನೆಯಂಗಳವಿತ್ತು. ಘೋಷಣೆಯಂತೆ ಕೇಳುತ್ತಿದ್ದ ಪದ್ಯ ಅಂದಿನಿಂದ ಆ ಹುಡುಗಿಯರಿಗೆ ಅಳಲಾಗಿ ಕೇಳಿಸಿತು.

ಅವರು ಅತ್ಯಂತ ಪ್ರೀತಿಯಿಂದ ಕಲಿಸುತ್ತಿದ್ದ ಪದ್ಯವೊಂದರ ನಡುವೆ ಎರಡು ಸಾಲಿನಷ್ಟು ಜಾಗ ಖಾಲಿಯಿತ್ತು. ಫ್ರೆಂಚ್ ಸರ್ಕಾರದ ಅಧಿಕಾರಿ ಅಚ್ಚಿಗೆ ಮೊದಲೇ ಆ ಸಾಲುಗಳನ್ನು ತೆಗೆಸಿದ್ದ. ಕವಿಯ ಕೈಬರಹ ಎಲ್ಲೂ ಉಳಿದಿರಲಿಲ್ಲ. ಪದ್ಯ ಓದುತ್ತ ಆ ಜಾಗಕ್ಕೆ ಬಂದಾಗ ಮನ್ನೂಬಿಯಾ ಅವರು ಎರಡು ಸಾಲು ಹೇಳುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಹೊಸಬರು ಮೊದಲ ಸಲ ಮುಸಿಮುಸಿ ನಗುತ್ತಿದ್ದರು, ಎರಡನೆಯ ಸಲ ನಗುತ್ತಿರಲಿಲ್ಲ.

ಸ್ವಾತಂತ್ರ್ಯದ ಐವತ್ತನೆಯ ವರ್ಷದ ಸಮಾರಂಭದಲ್ಲಿ ಅವರ ಶಿಷ್ಯೆ ವಸೀಲಾ ಆ ಜಾಗಕ್ಕೆ ತಾನೇ ಎರಡು ಸಾಲು ಕಟ್ಟಿ ಹಾಡಿದಳು. ಸಭೆ ಎದ್ದು ನಿಂತಿತು. ಪಠ್ಯಪುಸ್ತಕ ಸಮಿತಿಯಲ್ಲಿದ್ದ ಶಾಲಾ ತನಿಖಾಧಿಕಾರಿ ಬೂರಾವಿ ಅವರಿಗೆ ಅವು ಎಷ್ಟು ಹಿಡಿಸಿದವೆಂದರೆ, ಸಿಕ್ಕಿದ ಮೂಲ ಸಾಲುಗಳೆಂದೇ ಅಚ್ಚು ಹಾಕಿಸಲು ಹೊರಟು, ಅದಕ್ಕೆ ಮನ್ನೂಬಿಯಾ ಅವರ ಸಹಿ ಕೇಳಿದರು. ಸಹಿಯ ಹಿಂದೆಯೇ ಸಮಿತಿಯ ಸದಸ್ಯತ್ವವೂ ಬರುವುದಿತ್ತು.

“ಎರಡು ಸಾಲು ಸೇರಿದ್ರೆ ಯಾರ ಗಂಟು ಹೋಗತ್ತೆ ಉಸ್ತಾದಾ? ಕವಿ ಗೋರಿಯಿಂದ ಎದ್ದು ಬಂದು ಜಗಳ ಆಡ್ತಾನಾ?”

“ಬರಲ್ಲ, ಬೂರಾವಿ ಅವರೇ. ಅದಕ್ಕೇ ಅವನ ಪರವಾಗಿ ನಾನು ಆಡ್ಬೇಕು.”

“ಸಹಿ ಇಲ್ದಿದ್ರೆ ಪದ್ಯಾನೇ ತೆಗೀತಾರೆ. ತೂತು ಬಿದ್ದ ಪದ್ಯ ಯಾರಿಗೆ ಬೇಕು?”

ಮನ್ನೂಬಿಯಾ ಅವರು ಸಹಿ ಹಾಕದೆ ಕಾಗದವನ್ನು ಹಿಂದಿರುಗಿಸಿದರು. ವಸೀಲಾ ಅಳುತ್ತ ಬಂದಳು.

“ನನ್ನ ಸಾಲು ಚೆನ್ನಾಗಿಲ್ಲ ಅಂತ ನೇರವಾಗೇ ಹೇಳ್ಬಿಡಿ.”

“ಚೆನ್ನಾಗಿವೆ ಕಣಮ್ಮ, ಅದೇ ಭಯ. ಕೆಟ್ಟದಾಗಿದ್ದಿದ್ರೆ ಯಾರೂ ನಂಬ್ತಿರ್ಲಿಲ್ಲ. ನಿನ್ನ ಹೆಸರಲ್ಲಿ ಬರಿ. ಸತ್ತವನ ಜೇಬಿಗೆ ಯಾಕೆ ತುರುಕ್ತೀಯಾ?”

ಬೂರಾವಿ ಅವರು ಹೇಳಿದಂತೆಯೇ ಆಯಿತು. ಹೊಸ ಪಠ್ಯದಲ್ಲಿ ಆ ಪದ್ಯ ಇರಲಿಲ್ಲ. ಕಾಪಾಡಲು ಹೊರಟವರ ಕೈಯಿಂದಲೇ ಅದು ಸಾವಿರಾರು ಮಕ್ಕಳಿಂದ ದೂರವಾಯಿತು. ಆ ಭಾರವನ್ನು ಮನ್ನೂಬಿಯಾ ಅವರು ಯಾರೊಂದಿಗೂ ಹಂಚಿಕೊಂಡವರಲ್ಲ. ಶನಿವಾರದ ತರಗತಿಗಳು ಮುಗಿದ ಮೇಲೆ, ಬೇಕಾದವರು ಉಳಿಯಬಹುದು ಎಂದಷ್ಟೇ ಹೇಳಿ ಅದನ್ನು ಕಲಿಸುತ್ತ ಬಂದರು. ಕೆಲವು ಶನಿವಾರ ಒಬ್ಬಳೇ ಉಳಿದದ್ದುಂಟು, ಒಬ್ಬಳೂ ಉಳಿಯದಿದ್ದದ್ದೂ ಉಂಟು. ಅಂಥ ದಿನ ಅವರು ಖಾಲಿ ಕೋಣೆಯಲ್ಲಿ ಪದ್ಯವನ್ನು ಪೂರ್ತಿ ಓದಿ, ಆ ಎರಡು ಸಾಲಿನ ಹೊತ್ತು ನಿಂತು, ಮುಂದುವರಿದು ಮುಗಿಸಿ, ಬಾಗಿಲು ಹಾಕಿಕೊಂಡು ಹೋಗುತ್ತಿದ್ದರೆಂದು ಸಹೋದ್ಯೋಗಿಗಳು ನೆನೆಯುತ್ತಾರೆ.

ಮುಂದಿನ ಬಿಡುವಿನ ವರ್ಷಗಳಿಗೆಂದು ಅವರು ಆ ಕಾಲದ ಪತ್ರಿಕಾ ಪದ್ಯಗಳ ಸಂಗ್ರಹಕ್ಕೆ ಕೈಹಾಕಿದ್ದಾರೆ. ದೇವರು ಅವರಿಗೆ ಕಣ್ಣಿನ ಬೆಳಕನ್ನೂ ದೀರ್ಘಾಯುಷ್ಯವನ್ನೂ ಕೊಡಲಿ. ಆ ಪದ್ಯ ಪಠ್ಯಕ್ಕೆ ಮರಳಿದ ದಿನ, ಇನ್ಯಾರೋ ಕಲಿಸುವ ತರಗತಿಯ ಹಿಂದಿನ ಬೆಂಚಿನಲ್ಲಿ ಅವರು ಕುಳಿತಿರಲಿ. ಓದುವವಳು ನಡುವೆ ನಿಂತಾಗ ಮರೆತಳೆಂದು ಯಾರೂ ಸಾಲು ಹೇಳಿಕೊಡದಿರಲಿ.