ಕೋವಿಯ ಪಕ್ಕದಲ್ಲಿ ನನ್ನ ಸಾಮ್ರಾಜ್ಯ

ಗೆಳೆಯರೇ, ಇಂದು ನನ್ನ ಸಾಮ್ರಾಜ್ಯ ಉಳಿಯಿತು. ಉಳಿಸಿದ್ದು ನಾನಲ್ಲ, ನಮ್ಮತ್ತೆ.

ನಾನಾಡುವ ರಾಜ್ಯ ಕಟ್ಟುವ ಆನ್‌ಲೈನ್ ಗೇಮ್‌ಗೆ ಹೊಸ ನಿಯಮ ಬಂದಿದೆ. ರಾಜ್ಯ ದೊಡ್ಡದಾದರೆ ಪ್ರಾಂತ್ಯಕ್ಕೊಬ್ಬ ಅಧಿಕಾರಿಯನ್ನು ನೇಮಿಸಿ, ಆಡಳಿತ ಅವನಿಗೇ ಬಿಡಬೇಕು. ನಾನು ನೇಮಿಸಿದೆ, ಆದರೆ ಬಿಡಲಿಲ್ಲ. ಅಧಿಕಾರಿಗಳು ಹಾಕಿದ ತೆರಿಗೆ, ತೋಡಿಸಿದ ಕೆರೆ, ಎಲ್ಲದರಲ್ಲೂ ಮೂಗು ತೂರಿಸಿದೆ. ನಿನ್ನೆ ಸಂಜೆ ದಕ್ಷಿಣದ ಪ್ರಾಂತ್ಯದವರೆಲ್ಲ ದಂಗೆಗೆ ಸಜ್ಜಾಗಿದ್ದರು; ನಾನು ಆಡದಿದ್ದರೂ ಆಟ ನಡೆಯುತ್ತಲೇ ಇರುತ್ತದೆ. ಕಾಫಿ ಕುಡಿದು ಬಂದರೆ ಮೇಜಿನ ಮೇಲೆ ಲ್ಯಾಪ್‌ಟಾಪೇ ಇಲ್ಲ! ಕೈಲ್‌ಪೊಳ್ದ್ ಹಬ್ಬದ ಆಯುಧ ಪೂಜೆಗೆಂದು ಅತ್ತೆ ಅದನ್ನು ದೇವರ ಕೋಣೆಯಲ್ಲಿ ಕೋವಿಯ ಪಕ್ಕ ಇಟ್ಟುಬಿಟ್ಟಿದ್ದರು.

“ಅತ್ತೆ, ಐದೇ ನಿಮಿಷ ಕೊಡಿ, ಅಲ್ಲಿ ದಂಗೆ ಏಳ್ತಾರೆ!”

“ಏಳ್ಲಿ ಬಿಡು. ಪೂಜೆಗಿಟ್ಟ ಕೋವಿನ ನಿನ್ನ ಮಾವನೇ ಮುಟ್ಟಲ್ಲ, ನೀನು ಇದನ್ನ ಮುಟ್ತೀಯಾ?”

ಇಂದು ಪೂಜೆ ಮುಗಿದ ಮೇಲೆ ಲ್ಯಾಪ್‌ಟಾಪ್ ಕೈಗೆ ಬಂತು, ಕೋವಿಗೆ ಸಿಕ್ಕಿಸುವ ತೋಕ್‌ಪೂ ಹೂವಿನ ಸಮೇತ. ಹೆದರುತ್ತಲೇ ತೆರೆದೆ. ದಂಗೆಯ ಸುಳಿವೇ ಇಲ್ಲ. ಅಧಿಕಾರಿಗಳೇ ಕಣಜ ತುಂಬಿಸಿದ್ದಾರೆ, ದಕ್ಷಿಣದವರು ಕಪ್ಪ ಬೇರೆ ಕಳಿಸಿದ್ದಾರೆ. ಹೋದ ಜೀವ ಬಂದಂತಾಯಿತು.

“ಏನಾಯ್ತು ನಿನ್ನ ರಾಜ್ಯ?” ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

ಹೂವನ್ನೂ ತೆಗೆಯದೆ ಲ್ಯಾಪ್‌ಟಾಪ್ ಮುಚ್ಚಿ ಅವರ ಕೈಗೇ ಕೊಟ್ಟೆ.

“ಚೆನ್ನಾಗಿದೆ ಅತ್ತೆ. ಇನ್ನೆರಡು ದಿನ ಅಲ್ಲೇ ಇಟ್ಟಿರಿ.”