ನಲವತ್ತನೇ ಕಂತಿಗೆ ಕರಗುವ ಗಂಡಸರು

ನನ್ನ ಮಗಳು ವಿದ್ಯಾ ಊಟಕ್ಕೆ ಕೂತಾಗಲೂ ಹೆಬ್ಬೆರಳಿನಿಂದ ಮೊಬೈಲು ಸವರುತ್ತಿರುತ್ತಾಳೆ. ಜಮಖಂಡಿ ಕಾಲೇಜಿನಲ್ಲಿ ಕಲಿತವಳು, ಓದುವ ಚಟ ಇನ್ನೂ ಬಿಟ್ಟಿಲ್ಲ ಎಂದು ನಾನು ನೆರೆಯವರ ಮುಂದೆ ಹೆಮ್ಮೆಯಿಂದ ಹೇಳಿಯೂ ಆಗಿತ್ತು. ಒಂದು ದಿನ ಬಗ್ಗಿ ನೋಡಿದರೆ ಪರದೆಯ ತುಂಬ ಒಬ್ಬ ಗಂಡಸು ನಿಂತಿದ್ದ. ಕುಡುಗೋಲಿನಂಥ ಚೂಪು ಗದ್ದ, ಕಣ್ಣಿನ ಮೇಲೆ ಇಳಿಬಿದ್ದ ಕೂದಲು, ಮನೆಯಲ್ಲಿ ಊಟ ಹಾಕದೆ ಹೊರಗೆ ಕಳಿಸಿದಂಥ ಮುಖ. ಇದು ಕೊರಿಯಾದವರ ಪ್ರೇಮದ ಚಿತ್ರಕಥೆ, ಇದಕ್ಕೆ ಮನ್‌ಹ್ವಾ ಅನ್ನುತ್ತಾರೆ ಎಂದು ಮಗಳು ನನಗೆ ತಿಳಿಸಿ ಹೇಳಿದಳು.

ರಬಕವಿಯಲ್ಲಿ ನಮ್ಮದು ಮಗ್ಗದ ಮನೆ. ಹಿಂದಿನ ಕೋಣೆಯಲ್ಲಿ ಗಂಡನ ಪವರ್‌ಲೂಮು ಗಡಗಡಿಸುತ್ತಿದ್ದರೆ, ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವುದು ನನ್ನ ಕೆಲಸ. ಕೈಗೆ ಕೆಲಸ, ಕಿವಿಗೆ ಬಿಡುವು. ಹೀಗಾಗಿ ವಿದ್ಯಾ ಒಂದೊಂದೇ ಕಥೆಯನ್ನು ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಕೇಳುತ್ತ ಹೋದೆ. ಬೈಯುವುದಕ್ಕಾದರೂ ಪೂರ್ತಿ ಕೇಳಬೇಕಲ್ಲ ಎಂಬುದು ನನ್ನ ನೆಪವಾಗಿತ್ತು.

ಕಥೆ ಯಾವುದಿದ್ದರೂ ಅವನೊಬ್ಬನೇ. ದೊಡ್ಡ ಶ್ರೀಮಂತ, ಮಾತಿಲ್ಲ, ನಗುವಿಲ್ಲ, ಹುಡುಗಿಯನ್ನು ಕರೆಯಬೇಕೆಂದರೆ ಮುಂಗೈ ಹಿಡಿದು ಎಳೆಯುತ್ತಾನೆ. ಹನ್ನೆರಡನೇ ಕಂತಿಗೆ ಅವನಿಗೆ ಚಿಕ್ಕಂದಿನಲ್ಲಿ ಒಂದು ನೋವು ಆಗಿತ್ತೆಂದು ತಿಳಿಯುತ್ತದೆ. ಅಲ್ಲಿಗೆ ಅವನ ಅಷ್ಟೂ ಒರಟುತನ ಮಾಫಿ. ನಲವತ್ತನೇ ಕಂತಿಗೆ ಆಸಾಮಿ ಬೆಣ್ಣೆಯಾಗಿ ಕರಗಿ, ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ. ಪರದೆಯ ತುಂಬ ಹೂವಿನ ಪಕಳೆ ಉದುರುತ್ತವೆ. ಇನ್ನು ಹುಡುಗಿಯ ಸ್ವಭಾವದಲ್ಲಿರುವ ದೋಷ ಒಂದೇ, ನೆಲ ನೋಡಿ ನಡೆಯುವುದಿಲ್ಲ. ಎಡವಿದಾಗಲೆಲ್ಲ ಸರಿಯಾಗಿ ಅವನ ಎದೆಯ ಮೇಲೆ ಬೀಳುತ್ತಾಳೆ. ನಮ್ಮ ಓಣಿಯಲ್ಲಿ ಎಡವಿದರೆ ಗಟಾರಕ್ಕೆ ಬೀಳುತ್ತೇವೆ.

ನನ್ನ ಮನೆಯಲ್ಲೂ ಇಂಥವನೇ ಒಬ್ಬನಿದ್ದಾನಲ್ಲ! ಮಾತಿಲ್ಲ, ನಗುವಿಲ್ಲ, ಶ್ರೀಮಂತಿಕೆಯೊಂದು ಕಡಿಮೆ. ಚಿಕ್ಕಂದಿನ ನೋವು ಏನಾದರೂ ಉಂಟೋ ಎಂದು ಅತ್ತೆಯನ್ನು ಕೇಳಿದ್ದೆ. ಒಮ್ಮೆ ಚೇಳು ಕಡಿದಿತ್ತಂತೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಹಾಗೇ ಹೇಳುವುದಿಲ್ಲ, ಪ್ರಾಸದ ಒಡಪು ಕಟ್ಟಿ ಹೇಳಬೇಕು. ಸೀಮಂತವಿರಲಿ, ಹೆಸರಿಡುವುದಿರಲಿ, ನಾನು ಸೆರಗು ಸರಿಮಾಡಿಕೊಂಡು “ಕೃಷ್ಣಾ ದಂಡಿ ಕಬ್ಬಿಗೆ ಹಿಂಗಾರಿ ಗಾಳಿ, ಮಲ್ಲಪ್ಪರಾಯರು ಕಟ್ಯಾರ ಮುತ್ತಿನ ತಾಳಿ” ಎಂದು ಆ ಹೆಸರನ್ನು ಊರ ತುಂಬ ಮೆರೆಸಿದ್ದೇನೆ. ನನ್ನ ಹೆಸರನ್ನು ಅವರೂ ಹೇಳಬೇಕಾದದ್ದು ಒಂದೇ ಸಲ, ಮದುವೆಯ ದಿನ ಹೊಸ್ತಿಲಲ್ಲಿ. ನಾದಿನಿಯರು ಬಾಗಿಲಿಗೆ ಅಡ್ಡ ನಿಂತಿದ್ದರು. ಹೆಸರು ಹೇಳುವ ಬದಲು ನನ್ನ ಗಂಡ ಹಸಿವಾಗಿದೆ ಎಂದರು, ಎಲ್ಲರೂ ಪಾಪ ಎಂದು ದಾರಿ ಬಿಟ್ಟರು. ಅಂದಿನಿಂದ ನಾನು ‘ಲೇ’.

ಮೊದಲೆಲ್ಲ ನಾನೂ ನಲವತ್ತನೇ ಕಂತಿಗಾಗಿ ಕಾದವಳೇ. ಅಷ್ಟರಲ್ಲಿ ಅಣೆಕಟ್ಟು ಎದ್ದು ಕೃಷ್ಣೆಯೇ ನಿಂತಳು. ಹಿನ್ನೀರು ಬಂತೆಂದು ನದಿದಂಡೆಯ ಊರೂರೇ ಎದ್ದು ಗುಡ್ಡ ಹತ್ತಿದವು. ನಮ್ಮ ಮಲ್ಲಪ್ಪರಾಯರು ಮಾತ್ರ ಇದ್ದಲ್ಲಿಂದ ಒಂದು ಅಂಗುಲ ಜರುಗಲಿಲ್ಲ.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತೇನೋ, ಬೀಳಗಿಯಿಂದ ವಿದ್ಯಾಳಿಗೆ ಗಂಡು ಬರದಿದ್ದರೆ. ಗೊಬ್ಬರದ ಅಂಗಡಿ, ನೀರಾವರಿ ಹೊಲ, ಗದ್ದವೂ ಸಾಕಷ್ಟು ಚೂಪು. ಉಪ್ಪಿಟ್ಟು ತಿನ್ನುವಾಗ ನನ್ನ ಗಂಡ ಅಂಗಡಿಯ ವ್ಯಾಪಾರ ಕೇಳಿದರು. ಹುಡುಗನ ತಾಯಿ ಉತ್ತರ ಹೇಳಲು ಬಾಯಿ ತೆರೆದಳು. ಹುಡುಗ ತಿರುಗಿಯೂ ನೋಡದೆ, “ನಿನಗೇನ ತಿಳಿತೈತಿ, ಸುಮ್ನ ಕುಂದ್ರ” ಎಂದ. ಆ ತಾಯಿ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡು ಕುಗ್ಗಿದಳು. ಆಮೇಲೆ ಆಕೆ ಉಪ್ಪಿಟ್ಟನ್ನೂ ಮುಟ್ಟಲಿಲ್ಲ.

ಅವರು ಹೋದ ಮೇಲೆ ನನ್ನ ಗಂಡ, ಕಡಿಮೆ ಮಾತಿನ ಹುಡುಗ, ಛಲೋ ಇದ್ದಾನೆ ಎಂದರು. ಅವರಿಂದ ಬೇರೇನನ್ನೂ ನಾನು ನಿರೀಕ್ಷಿಸಿರಲಿಲ್ಲ. ನಾನು ಗಾಬರಿಯಾದದ್ದು ಮಗಳ ಮಾತಿಗೆ.

“ಅಂವಗ ಒಳಗ ಏನೋ ನೋವ ಐತಿ, ಅವ್ವ. ಪ್ರೀತಿ ಮಾಡಿದ್ರ ಬದಲಾಗ್ತಾನ.”

ಆ ವಾರವೆಲ್ಲ ನಾನು ವಾದ ಮಾಡಿದೆ. ಹಾಸಿನ ಉದ್ದ ನೂಲಿನಲ್ಲಿ ಒಂದು ಎಳೆ ತಪ್ಪಿ ಬಿದ್ದರೆ ಸೆರಗಿನವರೆಗೂ ಅದೇ ತಪ್ಪು ಬರುತ್ತದೆ, ಸೀರೆಯನ್ನು ಪ್ರೀತಿಸಿದರೆ ಹೋಗುವುದಿಲ್ಲ, ಮಗ್ಗ ನಿಲ್ಲಿಸಬೇಕಾಗುತ್ತದೆ ಎಂದೆ. ನಿನ್ನ ಕಥೆಯಲ್ಲೂ ಅವನು ಕರಗಿದ್ದು ಹುಡುಗಿ ಅವನನ್ನು ಬಿಟ್ಟು ಹೋದ ಮೇಲೆ, ಬಿದ್ದೂ ಬಿದ್ದೂ ಸೇವೆ ಮಾಡಿದಾಗ ಅಲ್ಲ ಎಂದೆ. ಬಿಟ್ಟು ಹೋಗುವ ವಿದ್ಯೆ ನನಗೆ ಬರಲಿಲ್ಲ ನೋಡಿ. ಒಮ್ಮೆ ಸಿಟ್ಟಿನಿಂದ ಲೋಕಾಪುರದ ತವರಿಗೆ ಹೋದವಳು, ಇಲ್ಲಿ ಕಂಡಿಕೆ ಸುತ್ತುವವರಿಲ್ಲವೆಂದು ಮಾರನೆಯ ದಿನದ ಬಸ್ಸಿಗೇ ಮರಳಿದೆ. ಮಗಳು ಎಲ್ಲ ಕೇಳಿ, ಎಲ್ಲರೂ ಅಪ್ಪನಂತೆ ಇರುವುದಿಲ್ಲ, ಅಪ್ಪನೂ ಒಳಗೊಳಗೇ ಮೆತ್ತಗಿದ್ದಾನೆ ಎಂದಳು.

ಬೀಳಗಿಗೆ ಉತ್ತರ ಹೇಳಬೇಕಾದ ದಿನ ಬಂತು. ಮಧ್ಯಾಹ್ನ ಗಂಡ ರೊಟ್ಟಿ ಮುರಿಯುತ್ತಿದ್ದರು. ತನ್ನ ಮಾತೇ ಖರೆ ಎಂದು ನನಗೆ ತೋರಿಸುವುದಕ್ಕೋ ಏನೋ, ವಿದ್ಯಾ ಅವರ ಎದುರು ಬಂದು ಕೂತಳು.

“ಅಪ್ಪಾ, ಅವ್ವನ ಹೆಸರ ಒಮ್ಮೆ ಹೇಳ ನೋಡೂನು.”

ನಗಬೇಡಿ, ಪಲ್ಯ ಬಡಿಸುತ್ತಿದ್ದ ಕೈ ಹಾಗೇ ನಿಂತಿತು. ಇಷ್ಟು ದಿನ ಕೊರಿಯಾದವರನ್ನು ಹಂಗಿಸುತ್ತಿದ್ದ ನಾನು ಆ ಗಳಿಗೆಯಲ್ಲಿ ಪಕಳೆ ಉದುರುವುದನ್ನು ಕಾದು ನಿಂತಿದ್ದೆ.

ಅವರು ತುತ್ತು ನುಂಗಿ, ನಿಜಕ್ಕೂ ಅರ್ಥವಾಗದವರಂತೆ ಮಗಳನ್ನು ನೋಡಿದರು.

“ಆಕಿ ಹೆಸರ ಯಾಕ ಬೇಕವಾ? ಕರದ್ರ ಬರ್ತಾಳಲ್ಲ.”

ಸಿಟ್ಟಿನಿಂದ ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಾನು ಪಲ್ಯ ಬಡಿಸಿದೆ. ವಿದ್ಯಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು, ಮೊಬೈಲನ್ನು ಬೋರಲು ಹಾಕಿದಳು.

“ಬೀಳಗಿಯವರಿಗೆ ಬ್ಯಾಡ ಅಂತ ಹೇಳಿಬಿಡ, ಅಪ್ಪಾ.”

ಅವರು ಕಾರಣ ಕೇಳಿದರು. ಅವಳು ಹೇಳಲಿಲ್ಲ. ಹೇಳಿದ್ದರೂ ತಿಳಿಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಮಾರನೆಯ ಬೆಳಗ್ಗೆ ಮಗ್ಗದ ಕೋಣೆಯಿಂದ ಎಂದಿನಂತೆ ಚಹಾಕ್ಕೆ ಕೂಗು ಬಂತು. ನಾನು ಕಂಡಿಕೆ ಸುತ್ತುತ್ತಲೇ ಇದ್ದೆ. ಇನ್ನೊಮ್ಮೆ ಕೂಗು ಬಂತು, ದನಿ ಏರಿತು. ನಾನು ಏಳಲಿಲ್ಲ. ವಿದ್ಯಾಳೂ ಏಳಲಿಲ್ಲ. ಕೊನೆಗೆ ಮಗ್ಗವೇ ನಿಂತಿತು. ಗಡಗಡ ನಿಂತ ಮನೆ ಎಷ್ಟು ದೊಡ್ಡದು ಎಂದು ಆಗ ಗೊತ್ತಾಯಿತು. ಅವರು ಬಾಗಿಲಿಗೆ ಬಂದು ನಿಂತರು. ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

“ವಿದ್ಯಾನ ಅವ್ವಾ.”

ಹೆಸರಿನ ಹತ್ತಿರಕ್ಕೆ ಬಂದಿದ್ದಾರೆ, ಸುಳ್ಳು ಹೇಳಬಾರದು. ಒಂದನೇ ಕಂತಿನಿಂದ ಎರಡನೆಯದಕ್ಕೆ ಇಷ್ಟು ವರ್ಷ ಹಿಡಿದಿರುವಾಗ ನಲವತ್ತನೆಯದಕ್ಕೆ ನಾವಿಬ್ಬರೂ ಇರುವುದಿಲ್ಲ. ಆದರೂ ಎರಡನೇ ಕಂತಿಗೆ ತಕ್ಕ ಮರ್ಯಾದೆ ಕೊಡಬೇಕಲ್ಲ. ರಾಟೆ ಬಿಡದೆ, ತಲೆ ಎತ್ತದೆ, ಚಹಾಪುಡಿಯ ಡಬ್ಬಿ ಎಲ್ಲಿದೆ ಎಂದು ಹೇಳಿದೆ.