ಇಂಜಿನ್ ಇಲ್ಲದ ಮೋಟಾರಿನ ಜಪ್ತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಮೋಟಾರಿನ ಇಂಜಿನ್ ನಾನೇ. ನಿಜವಾದ ಇಂಜಿನ್ನನ್ನು ನನ್ನ ಸೋದರಮಾವ ಅದಾಗಲೇ ಬಿಚ್ಚಿ ಒಂದು ಅಕ್ಕಿ ಗಿರಣಿಗೆ ಮಾರಿದ್ದ. ಉಳಿದ ತಗಡು, ಗಾಲಿ, ಹಿತ್ತಾಳೆ ದೀಪಗಳನ್ನು ನಂಜನಗೂಡಿನ ತನ್ನ ಸೈಕಲ್ ಅಂಗಡಿಯ ಮುಂದೆ ನಿಲ್ಲಿಸಿ, ಬಾನೆಟ್ಟಿನ ಒಳಗಿನ ಖಾಲಿ ಜಾಗದಲ್ಲಿ ನನ್ನನ್ನು ಮಡಚಿ ಕೂರಿಸಿದ. ಮೇಷ್ಟರ ಆಕಳಿಕೆ, ಪುರೋಹಿತರ ಕೆಮ್ಮು, ನಮ್ಮಮ್ಮ ನನ್ನನ್ನು ಬೈಯುವ ಧಾಟಿ, ಎಲ್ಲವನ್ನೂ ಮಾಡಿ ತೋರಿಸಿ ಹೆಸರು ಕೆಡಿಸಿಕೊಂಡವನು ನಾನು. ಮೋಟಾರು ಯಾವ ಲೆಕ್ಕ? ಮಾವ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದ, ನಾನು ಒಳಗೆ ಗುರುಗುಟ್ಟಿದೆ. ಧೂಳಿಗೆ ಸೀನು ಬಂತು. ವಿಲಾಯಿತಿಯಿಂದ ಬಂದ ಮೋಟಾರು ಹಾಗೇ ಸೀನುತ್ತದೆ ಎಂದು ಮಾವ ಗಿರಾಕಿಗೆ ತಿಳಿಹೇಳಿದ.

ಗಿರಾಕಿ ಎಂದರೆ ಬನ್ನೂರು ಕಡೆಯ ಒಬ್ಬ ಗೌಡರು. ಸೀನಿಗೇ ಮರುಳಾಗಿ, ತಮ್ಮ ಒಂದು ಜೊತೆ ಎತ್ತನ್ನು ಬಿಟ್ಟುಕೊಟ್ಟು ಮೋಟಾರು ಕೊಂಡರು. ಎತ್ತುಗಳನ್ನು ಮಾವನ ಹಿತ್ತಿಲಲ್ಲಿ ಕಟ್ಟಿಯೂ ಆಯಿತು. ಅಷ್ಟರಲ್ಲಿ ದೇವಸ್ಥಾನದಿಂದ ಬಂದ ಅವರ ಹೆಂಡತಿ, ಇದರೊಳಗೆ ಏನು ಕೂಗುತ್ತಿದೆ ಎಂದು ಬಾನೆಟ್ ಎತ್ತಿದರು. ನಾನು ಸುಮ್ಮನಾಗಬೇಕಿತ್ತು. ಗಾಬರಿಯಲ್ಲಿ ಆಕೆಯ ಮುಖವನ್ನೇ ನೋಡುತ್ತಾ ಇನ್ನೂ ಸ್ವಲ್ಪ ಹೊತ್ತು ಇಂಜಿನ್ನಾಗಿಯೇ ಓಡಿದೆ.

ವ್ಯಾಪಾರ ವ್ಯಾಪಾರವೇ, ಎತ್ತು ವಾಪಸ್ಸಿಲ್ಲ ಎಂದ ಮಾವ. ಆಗತಾನೆ ಒಳ್ಳೆ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಎತ್ತಿಲ್ಲದೆ ಉಳುವ ಹಾಗಿಲ್ಲ, ಆ ಹದ ತಪ್ಪಿದರೆ ಆ ವರ್ಷದ ರಾಗಿಯೇ ಇಲ್ಲ. ಗೌಡತಿ ನೇರವಾಗಿ ತಮ್ಮ ತಾಲ್ಲೂಕು ತಿ. ನರಸೀಪುರದ ಅಮಲ್ದಾರರ ಕಚೇರಿಗೆ ಹೋಗಿ ದೂರು ಕೊಟ್ಟರು.

ಮೋಟಾರು ಇಟ್ಟವರಿಗೆ, ಮಾರುವವರಿಗೆ ಮಹಾರಾಜರ ಸರ್ಕಾರ ಆಗ ಹೊಸದಾಗಿ ಕಾಯಿದೆ ಮಾಡಿತ್ತು. ಪರ್ಮಿಟ್ ಇಲ್ಲದೆ ಇಟ್ಟುಕೊಂಡರೂ ಮಾರಿದರೂ ಜುಲ್ಮಾನೆ, ಜೊತೆಗೆ ಗಾಡಿ ಇಂಜಿನ್ ಸಮೇತ ಜಪ್ತಿ. ಕಾಯಿದೆ ಬಂದಿತ್ತು, ಅದನ್ನು ಮುರಿಯಲು ತಾಲ್ಲೂಕಿನಲ್ಲಿ ಮೋಟಾರೇ ಇರಲಿಲ್ಲ. ಅಮಲ್ದಾರರಿಗೆ ನಮ್ಮ ಮೊಕದ್ದಮೆ ಹಬ್ಬದ ಹಾಗೆ ಕಂಡಿರಬೇಕು. ಮಾರಿದವನು, ಕೊಂಡವರು, ಸದ್ದು ಮಾಡಿದವನು, ಎಲ್ಲರೂ ಮೋಟಾರಿನ ಜೊತೆ ಹಾಜರಾಗಬೇಕೆಂದು ಹುಕುಂ ಬಂತು.

ಮೋಟಾರನ್ನು ನರಸೀಪುರಕ್ಕೆ ಎಳೆಸಲು ಮಾವನ ಹತ್ತಿರ ಇದ್ದದ್ದು ಅದೇ ಎತ್ತುಗಳು. ನೊಗ ಬಿಗಿದು ಹೊರಟೆವು. ಸ್ಟೀರಿಂಗ್ ಹಿಡಿದು ಕೂತವನು ನಾನು. ಊರು ಬಂದ ಕಡೆಯೆಲ್ಲ ಮರ್ಯಾದೆಗೆಂದು ಗುರುಗುಟ್ಟುತ್ತಿದ್ದೆ. ದಾರಿಯಲ್ಲಿ ಒಬ್ಬ ಕುರಿ ಕಾಯುವವನು ಕೇಳಿದ:

"ಏನ್ಲಾ ಇದು, ಮೋಟ್ರುಗೆ ಎತ್ತು ಕಟ್ಕಂಡು ಓಯ್ತಿದ್ದೀರಿ?"

"ಪೆಟ್ರೋಲು ಉಳೀಲಿ ಅಂತ ಕಣಣ್ಣ," ಎಂದೆ. ಅವನು ತಲೆಯಾಡಿಸಿದ. ಅವನಿಗೆ ಅದು ಸರಿಯಾಗಿಯೇ ಕಂಡಿತು.

ಕಚೇರಿಯಲ್ಲಿ ತೀರ್ಪು ಬೇಗ ಬಂತು. ಮಾವನಿಗೆ ಜುಲ್ಮಾನೆ, ವ್ಯಾಪಾರ ರದ್ದು, ಎತ್ತು ಗೌಡರಿಗೆ. ಗೌಡತಿ ಆಗಲೇ ಅಂಗಳಕ್ಕೆ ಇಳಿದು ನೊಗದ ಹಗ್ಗ ಬಿಚ್ಚತೊಡಗಿದ್ದರು. ಆಗ ಗುಮಾಸ್ತರು ಕನ್ನಡಕ ಏರಿಸಿ ಒಂದು ತಕರಾರು ತೆಗೆದರು. ಗಾಡಿಯನ್ನು ಇಂಜಿನ್ ಸಮೇತ ಜಪ್ತಿ ಮಾಡಬೇಕಲ್ಲ, ಇದರ ಇಂಜಿನ್ ಯಾವುದು? ಅವರು ಎತ್ತುಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನ್ನನ್ನು ಕೊಟ್ಟಿಗೆಯಲ್ಲಿಟ್ಟರೆ ಊಟ ಯಾವ ಖರ್ಚಿಗೆ ಹಾಕುವುದು ಎಂಬ ಚರ್ಚೆಯೂ ಶುರುವಾಯಿತು.

"ಎಳೆದದ್ದು ಎತ್ತು ಸ್ವಾಮಿ, ನಾನು ಬರೀ ಸದ್ದು," ಎಂದುಬಿಟ್ಟೆ.

ಬಾನೆಟ್ಟಿನೊಳಗೆ ಕೂತದ್ದಕ್ಕಿಂತ ದೊಡ್ಡ ದಡ್ಡತನ ಅದು. ನನ್ನ ಹೇಳಿಕೆಯ ಮೇಲೆಯೇ ಎತ್ತುಗಳೇ ಇಂಜಿನ್ ಎಂದು ತೀರ್ಮಾನವಾಯಿತು. ಮೈಸೂರಿನಿಂದ ಮುಂದಿನ ಹುಕುಂ ಬರುವವರೆಗೆ ಅವನ್ನು ಕಚೇರಿ ಕೊಟ್ಟಿಗೆಯಲ್ಲಿ ಕಟ್ಟಲು ಅಪ್ಪಣೆಯಾಯಿತು. ಮೈಸೂರಿನ ಹುಕುಂ ಎಂದರೆ ಬೇರೆಯವರ ಹೊಲದಲ್ಲಿ ಕುಯ್ಲು ಮುಗಿದ ಮೇಲೆಯೇ ಬರುವುದು. ಗೌಡರು ರುಮಾಲು ಕಳಚಿ ಅದನ್ನೇ ತಿರುವಿ ತಿರುವಿ ನೋಡುತ್ತಾ ನಿಂತರು. ಹದ ಆರಿಹೋಗುತ್ತದೆ, ಮಕ್ಕಳಿಗೆ ವರ್ಷವಿಡೀ ಏನು ಹಾಕಲಿ ಎಂದು ಗೌಡತಿ ಕೇಳಿದರು. ಅಮಲ್ದಾರರಿಗೂ ಕನಿಕರವಿತ್ತು, ಆದರೆ ಕಾಯಿದೆ ಅವರ ಕೈ ಕಟ್ಟಿತ್ತು.

"ನಾನೇನು ಮಾಡ್ಲಮ್ಮ, ಎತ್ತು ಎಳೆದ ಮೇಲೆ ಕಾಯಿದೆ ಪ್ರಕಾರ ಅದೇ ಇಂಜಿನ್ನು," ಎಂದರು.

ಗೌಡತಿ ಹಗ್ಗದಿಂದ ಕೈ ತೆಗೆಯಲಿಲ್ಲ. ಆಕೆ ಆಮೇಲೆ ಆಡಿದ ಮಾತಿಗೆ ಗುಮಾಸ್ತರು ತಾವು ಬರೆದ ಜಪ್ತಿ ಹಾಳೆಯನ್ನು ತಾವೇ ಹರಿದರು, ಮಾರನೆಯ ಬೆಳಿಗ್ಗೆ ಎತ್ತುಗಳು ಹೊಲಕ್ಕಿಳಿದವು. ಆ ಮಾತನ್ನು ನಾನು ಈಗಲೂ ಆಕೆಯ ದನಿಯಲ್ಲೇ ಆಡಿ ತೋರಿಸುತ್ತೇನೆ, ಅಮಲ್ದಾರರು ಇಲ್ಲದ ಕಡೆ:

"ಅಂಗಾರೆ ಸಾ, ಅಗೋ ಆ ಬೇವಿನ ಮರದಡೀಲಿ ನಿಮ್ಮ ಸವಾರಿ ಗಾಡಿ ನಿಂತದಲ್ಲ, ಅದ್ಕೂ ಎಲ್ಡು ಇಂಜಿನ್ನು ಕಟ್ಟವ್ರೆ. ಮೊದ್ಲು ಅದ್ರ ಪರ್ಮಿಟ್ಟು ತೋರ್ಸಿ, ಆಮೇಲೆ ನನ್ನೆತ್ತಿನ ಮ್ಯಾಲೆ ಕೈ ಆಕೀರಂತೆ."